ಅಂಗಳಕ್ಕಿಳಿದ ಗೇರ್‌ಬಾಕ್ಸು

ಟಾರ್ಪಾಲು ಹೊದ್ದು ಅಂಗಳದಲ್ಲಿ ನಿಂತ ಮೋಟಾರು ಕಾರಿಗೂ ಬಹಳ ದಿನ ತಂಗಿದ ನೆಂಟನಿಗೂ ಒಂದು ಹೋಲಿಕೆಯುಂಟು. ಮೊದಲ ತಿಂಗಳು ಬಂದವರೆಲ್ಲರೂ ಕುಶಲ ವಿಚಾರಿಸುತ್ತಾರೆ. ಆರನೆಯ ತಿಂಗಳಿಗೆ ಮನೆಯವರೂ ಮಾತನಾಡಿಸುವುದಿಲ್ಲ. ವರ್ಷ ತುಂಬುವ ವೇಳೆಗೆ, ಹೊರಡುವುದೆಂದೋ ಎಂಬ ಮಾತು ಅಡುಗೆಯ ಮನೆಯಲ್ಲಿ ಹುಟ್ಟುತ್ತದೆ. ನೆಂಟನಾದರೆ ಮಾತಿನ ಧಾಟಿಯನ್ನು ಅರಿತು ಎದ್ದು ಹೋದಾನು, ಕಾರು ಹೋಗುವುದಿಲ್ಲ. ಅದರ ಮೇಲೆ ಹಪ್ಪಳ ಒಣಗತೊಡಗುತ್ತದೆ.

ದೊಡ್ಡನೆಕ್ಕುಂದಿಯ ಒಂದು ಮನೆಯಲ್ಲಿ ನಾಲ್ಕು ವರ್ಷದಿಂದ ಹೀಗೆ ಹಪ್ಪಳ ಹೊತ್ತು ನಿಂತಿದ್ದುದು 1970ರ ಫಿಯೆಟ್ 1100 ಡಿಲೈಟ್ ಕಾರು. ಅದರ ರೋಗ ವಿಚಿತ್ರವಾದುದು. ಎಂಜಿನು ಹೊತ್ತುತ್ತಿತ್ತು, ಗೇರು ಬೀಳುತ್ತಿತ್ತು, ಪೆಡಲು ಬಿಟ್ಟರೆ ಎಂಜಿನು ಗರ್ಜಿಸುತ್ತಲೂ ಇತ್ತು. ಕಾರು ಮಾತ್ರ ಇದು ಬೇರೆ ಯಾರದೋ ಸಮಾಚಾರವೆಂಬಂತೆ ನಿಂತಲ್ಲೇ ನಿಂತಿರುತ್ತಿತ್ತು. ಹಿಂದಿನಿಂದ ತಳ್ಳಿ ಉಪಕಾರ ಮಾಡಿದರೆ ಹತ್ತು ಮಾರು ಹೋಗುತ್ತಿತ್ತು. ಆಗ ಎರಡನೆಯ ಗೇರಿನಲ್ಲಿ ಒಳಗಿನಿಂದ ಕಡಲೆ ಹುರಿದಂಥ ಸದ್ದು ಏಳುತ್ತಿತ್ತು. ಬಂದು ನೋಡಿದ ಮೆಕ್ಯಾನಿಕ್ಕುಗಳಲ್ಲಿ ಇಬ್ಬರು ತಲೆಯಾಡಿಸಿದರು. ಮೂರನೆಯವನು ನೇರವಾಗಿ ಗುಜರಿಯ ಬೆಲೆಯನ್ನೇ ಹೇಳಿದನು.

ಕಾರಿನ ಒಡೆಯರಿಗೆ ಎಂಬತ್ತೆರಡು ವರ್ಷ. ವಿಮಾನ ಕಾರ್ಖಾನೆಯ ಯಂತ್ರಶಾಲೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಕಾಲದಲ್ಲಿ, 1981ರಲ್ಲಿ, ಹನ್ನೊಂದು ವರ್ಷ ಓಡಿದ್ದ ಈ ಕಾರನ್ನು ಕೊಂಡರು. ಅಂದಿನಿಂದ ಅದರ ಒಂದೊಂದು ತಿರುಪನ್ನೂ ಬಿಗಿದವರು ತಾವೇ, ಸಡಿಲಿಸಿದವರು ತಾವೇ. ಮಗ ಹತ್ತಿರ ಬಂದರೆ, "ಹದಿನಾಲ್ಕರ ಸ್ಪ್ಯಾನರ್ ಕೊಡು. ಕೊಟ್ಟೆಯಾ? ಇನ್ನು ಹೋಗಿ ಓದಿಕೋ" ಎನ್ನುವರು. ಮಗ ಓದಿದರು, ವಿಮಾ ಕಚೇರಿಯಲ್ಲಿ ಅಧಿಕಾರಿಯಾದರು, ಐವತ್ತೆರಡು ತುಂಬುವವರೆಗೆ ಕಾರಿನ ತಳವನ್ನು ಕಂಡವರಲ್ಲ. ಈ ನಡುವೆ ತಂದೆಯ ಕೈ ನಡುಗತೊಡಗಿತು. ಅಂಗುಲದ ಸಾವಿರದಲ್ಲೊಂದು ಪಾಲನ್ನು, ಯಂತ್ರಶಾಲೆಯವರ ಭಾಷೆಯಲ್ಲಿ ಹೇಳುವುದಾದರೆ ಒಂದು ಥೌವನ್ನು, ಬೆರಳ ತುದಿಯಿಂದ ಗುರುತಿಸಬಲ್ಲರೆಂದು ಹೆಸರಾಗಿದ್ದ ಕೈ ಅದು. ಈಗ ಕಾಫಿಯ ಲೋಟವನ್ನು ತುಳುಕಿಸದೆ ಎತ್ತಲು ಶ್ರಮಪಡುತ್ತಿತ್ತು. ಕಾರು ನಿಂತುದಕ್ಕೆ ಕ್ಲಚ್ಚೊಂದೇ ಕಾರಣವಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಈ ಕಾರಿಗೂ ಆ ಕಾರ್ಖಾನೆಗೂ ಒಡಹುಟ್ಟಿನ ಸಂಬಂಧವುಂಟೆಂಬುದು ಹಿರಿಯರ ಮೆಚ್ಚಿನ ಮಾತು. ಅದು ಸುಳ್ಳೇನಲ್ಲ. ದೇಶದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿಬಂದವರು ಸರ್ ಎಂ. ವಿಶ್ವೇಶ್ವರಯ್ಯನವರು. ಆ ಯೋಜನೆಗೆ ಹೆಗಲು ಕೊಟ್ಟವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಆದರೆ ಮೋಟಾರಿಗಿಂತ ಮೊದಲು ವಿಮಾನಕ್ಕೆ ಕಾಲ ಕೂಡಿಬಂದಿತು. ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಮೋಟಾರಿಗಾಗಿ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದುದು 1944ರಲ್ಲಿ, ಮುಂಬಯಿಯಲ್ಲಿ. ಇಟಲಿಯ ಫಿಯೆಟ್ಟನ್ನು ಭಾರತದಲ್ಲಿ ತಯಾರಿಸಿದುದು ಆ ಕಂಪೆನಿಯೇ. ಅದೇ ಕಾರು ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು ಶತಮಾನದ ಕೊನೆಯವರೆಗೂ ಬಾಳಿತು. "ಒಬ್ಬ ತಂದೆಗೆ ಇಬ್ಬರು ಮಕ್ಕಳು. ಒಬ್ಬ ಹಾರಿದ, ಒಬ್ಬ ಓಡಿದ" ಎಂದು ಹಿರಿಯರು ಹೇಳುವ ವೇಳೆಗೆ ಸರಿಯಾಗಿ ಎಚ್.ಎ.ಎಲ್. ನಿಲ್ದಾಣದಿಂದ ಎದ್ದ ವಿಮಾನವೊಂದು ದೊಡ್ಡನೆಕ್ಕುಂದಿಯ ಮೇಲೆ ಹಾದುಹೋದರೆ ಮಾತಿಗೆ ಸಾಕ್ಷಿ ದೊರೆತಂತಾಗುತ್ತಿತ್ತು. ಓಡಬೇಕಾದವನು ಅಂಗಳದಲ್ಲಿ ಮಲಗಿದ್ದನೆಂಬುದೊಂದೇ ಕೊರತೆ.

ಕೆಲಸಕ್ಕೆ ಗಡುವು ಕೊಟ್ಟವರು ಸೊಸೆ. ನಾಲ್ಕು ವರ್ಷದಿಂದ ಆಯುಧಪೂಜೆಯ ದಿನ ಕಾರಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಅಕ್ಕಪಕ್ಕದ ಹುಡುಗರಿಂದ ಕಾರನ್ನು ತಳ್ಳಿಸಿ ಹಣ್ಣು ಅರೆಸುವ ಶಾಸ್ತ್ರ ನಡೆದುಬಂದಿತ್ತು.

"ಈ ಸಲ ತಳ್ಳಿಸುವುದಿಲ್ಲ, ಮಾವ. ಅದು ತಾನಾಗಿ ನಡೆದು ನಿಂಬೆಹಣ್ಣು ತುಳಿದರೆ ಇರಲಿ. ಇಲ್ಲದಿದ್ದರೆ ದೀಪಾವಳಿಗೆ ಆ ಜಾಗದಲ್ಲಿ ರಂಗೋಲಿ ಹಾಕುತ್ತೇನೆ" ಎಂದರು ಆಕೆ.

ಆಕೆಯ ಮಾತು ಬರಿಯ ಕೋಪದ್ದಲ್ಲ. ಹದಿನೈದು ವರ್ಷ ದಾಟಿದ ಸ್ವಂತ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮಾಡಿಸಲು ವಾಹನವನ್ನು ಆರ್.ಟಿ.ಓ. ಕಚೇರಿಯ ಮುಂದೆ ನಿಲ್ಲಿಸಿ ತೋರಿಸಬೇಕು. ಈ ಕಾರಿನ ಪತ್ರಕ್ಕೆ ಉಳಿದಿದ್ದ ಆಯುಸ್ಸು ಆ ಡಿಸೆಂಬರಿನವರೆಗೆ ಮಾತ್ರ. ನಡೆಯಲಾರದ ಕಾರನ್ನು ಕೃಷ್ಣರಾಜಪುರದವರೆಗೆ ಹೊತ್ತುಕೊಂಡು ಹೋಗುವವರಾರು?

"ಪಿತೃಪಕ್ಷ ನಡೆದಿದೆಯಲ್ಲ ಅಪ್ಪ, ಹೊಸ ಕೆಲಸ ತೊಡಗಬಾರದು" ಎಂದು ಮಗ ಒಂದು ಪ್ರಯತ್ನ ಮಾಡಿ ನೋಡಿದರು.

"ಐವತ್ತೈದು ವರ್ಷದ್ದು ಹೊಸದು ಹೇಗಾದೀತೋ? ಅದು ಪಿತೃಗಳ ಸಾಲಿಗೇ ಸೇರಿದ್ದು. ಬಿಚ್ಚು" ಎಂದರು ತಂದೆ.

ಕ್ಲಚ್ಚೆಂದರೇನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು; ದಿನವೂ ಅದನ್ನು ತುಳಿಯುವವರಲ್ಲಿಯೂ ಬಹುಮಂದಿ ಅದರ ಮುಖ ಕಂಡವರಲ್ಲ. ಎಂಜಿನಿಗೆ ನಿಂತು ದಣಿವಾರಿಸಿಕೊಳ್ಳುವ ವಿದ್ಯೆ ತಿಳಿಯದು, ನಿಂತರೆ ಆರಿಹೋಗುತ್ತದೆ. ಚಕ್ರವಾದರೋ ಕೆಂಪು ದೀಪ, ಹಸು, ಮೆರವಣಿಗೆ ಕಂಡಲ್ಲೆಲ್ಲ ನಿಲ್ಲಬೇಕು. ನಿಲ್ಲಲಾರದವನನ್ನೂ ನಿಲ್ಲಲೇಬೇಕಾದವನನ್ನೂ ಒಂದೇ ಹಗ್ಗಕ್ಕೆ ಕಟ್ಟಿ, ಬೇಕೆಂದಾಗ ಬಿಚ್ಚುವ ಗಂಟೇ ಕ್ಲಚ್ಚು. ಎಂಜಿನಿನ ಹಿಂದೆ ಫ್ಲೈವೀಲೆಂಬ ಭಾರವಾದ ಗಾಲಿ ತಿರುಗುತ್ತಿರುತ್ತದೆ. ಅದಕ್ಕೆ ಮೈಯೊತ್ತಿ ತಿಂಡಿಯ ತಟ್ಟೆಯಗಲದ ಒಂದು ಬಿಲ್ಲೆ. ಬಿಲ್ಲೆಯ ಎರಡು ಮುಖಕ್ಕೂ ಉಜ್ಜುಪಟ್ಟಿಯನ್ನು ರಿವೆಟ್ಟಿನಿಂದ ಬಿಗಿದಿರುತ್ತದೆ. ಅದೇ ಕ್ಲಚ್ ಪ್ಲೇಟು. ಅದರ ಬೆನ್ನ ಮೇಲೆ ಸ್ಪ್ರಿಂಗುಗಳ ಬಲದಿಂದ ಅಮುಕಿ ಕುಳಿತುದು ಪ್ರೆಷರ್ ಪ್ಲೇಟು. ಎರಡು ಅಂಗೈಗಳ ನಡುವೆ ಒತ್ತಿ ಹಿಡಿದ ರೊಟ್ಟಿಯಂತೆ ಬಿಲ್ಲೆಯು ಫ್ಲೈವೀಲಿನೊಡನೆ ತಿರುಗುತ್ತದೆ. ಬಿಲ್ಲೆಯ ನಡುವಿನ ಹಲ್ಲುಗೂಡಿಗೆ ಸೇರಿದ ಗೇರ್‌ಬಾಕ್ಸಿನ ಶಾಫ್ಟೂ ಅದರೊಡನೆ ತಿರುಗುತ್ತದೆ. ಪೆಡಲನ್ನು ತುಳಿದರೆ ಅಮುಕಿದ ಕೈ ಸಡಿಲವಾಗುತ್ತದೆ. ಎಂಜಿನು ತನ್ನ ಪಾಡಿಗೆ ತಾನಿರುತ್ತದೆ. ಉಜ್ಜುಪಟ್ಟಿ ಸವೆದುಹೋದರೆ ಪೆಡಲು ಬಿಟ್ಟರೂ ಹಿಡಿತ ಸಿಕ್ಕುವುದಿಲ್ಲ. ಫಿಯೆಟ್ಟಿಗೆ ಆಗಿದ್ದುದು ಅದು.

ಗೇರ್‌ಬಾಕ್ಸಿನ ಕಥೆ ಬೇರೆ. ಹಿಂದಿನ ಕಾಲದ ಲಾರಿಗಳಲ್ಲಿ ಗೇರು ಬದಲಿಸುವುದೆಂದರೆ ಎರಡು ಸಲ ಕ್ಲಚ್ಚು ತುಳಿದು, ನಡುವೆ ಎಂಜಿನಿನ ವೇಗವನ್ನು ಕಿವಿಯಿಂದಲೇ ಅಳೆದು, ಹಲ್ಲಿಗೆ ಹಲ್ಲು ಕೂಡುವ ಗಳಿಗೆಯನ್ನು ಹಿಡಿಯಬೇಕಾಗಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೊಮೆಷ್ ಎಂಬ ಏರ್ಪಾಟು ಬಂದಿತು. ಕೂಡಬೇಕಾದ ಭಾಗಗಳು ಮೊದಲು ಮೈಗೆ ಮೈ ಉಜ್ಜಿ ಸಮವೇಗಕ್ಕೆ ಬರುತ್ತವೆ, ಅನಂತರ ಹಲ್ಲು ಕೂಡುತ್ತವೆ. ಈ ಫಿಯೆಟ್ಟಿನ ಎರಡನೆಯ ಗೇರಿನಲ್ಲಿ ಆ ಸಿಂಕ್ರೊ ಉಂಗುರ ಸವೆದು, ಹಲ್ಲಿನ ಅಂಚೂ ಮುಕ್ಕಾಗಿತ್ತು. ಕಾರು ನಿಲ್ಲುವುದಕ್ಕೆ ಮುಂಚೆಯೇ ಹಿರಿಯರು ಶಿವಾಜಿನಗರದ ಗುಜರಿ ಅಂಗಡಿಯೊಂದರಿಂದ ಅದೇ ಮಾದರಿಯ ಇನ್ನೊಂದು ಗೇರ್‌ಬಾಕ್ಸು ತಂದು, ಜಗುಲಿಯ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಿ ಅದರ ಹೊಟ್ಟೆ ಬಗೆದು, ಬೇರಿಂಗು, ಉಂಗುರ, ಸೀಲುಗಳನ್ನು ಬದಲಿಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಮಹಡಿಮೆಟ್ಟಿಲ ಕೆಳಗೆ ಅಕ್ಕಿಯ ಡ್ರಮ್ಮಿನ ಪಕ್ಕದಲ್ಲಿ ಇರಿಸಿದ್ದರು. ಅವರ ಕೈ ಪೂರ್ತಿಯಾಗಿ ಮಾಡಿದ ಕೊನೆಯ ಕೆಲಸ ಅದು. ಕಾರಿಗೆ ಕೂಡಿಸುವಷ್ಟರಲ್ಲಿ ನಡುಕ ಬಂದಿತು. ನಾಲ್ಕು ವರ್ಷ ಆ ಪೆಟ್ಟಿಗೆ ಅಕ್ಕಿ ಕಾಯುತ್ತಾ ಕುಳಿತಿತ್ತು.

ಬಿಚ್ಚುವುದಕ್ಕೆ ಎರಡು ಭಾನುವಾರ ಹಿಡಿಯಿತು. ಮಗ ಕಾರಿನ ಕೆಳಗೆ, ತಂದೆ ಬೆತ್ತದ ಕುರ್ಚಿಯಲ್ಲಿ, ಮೊಮ್ಮಗಳು ಟಾರ್ಚು ಹಿಡಿದು ಇಬ್ಬರ ನಡುವೆ. ಜಾಕಿಯೊಂದನ್ನೇ ನಂಬಿ ಕಾರಿನ ಕೆಳಗೆ ನುಸುಳುವಂತಿಲ್ಲವೆಂಬುದು ಸೊಸೆಯ ಮೊದಲ ಆಜ್ಞೆ, ಹಿರಿಯರದೂ ಅದೇ. ನಾಲ್ಕು ಕಡೆಯೂ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಚಕ್ರಗಳನ್ನೂ ಕಳಚಿ ಪಕ್ಕದಲ್ಲಿ ಅಡ್ಡ ಮಲಗಿಸಿದರು. ಇಟ್ಟಿಗೆಯನ್ನಂತೂ ಹಿರಿಯರು ಹತ್ತಿರ ಸೇರಿಸಲಿಲ್ಲ. ಇಟ್ಟಿಗೆ ಬಿರುಕು ಬಿಡುವ ಮುಂಚೆ ಹೇಳಿ ಬಿಡುವುದಿಲ್ಲ. ಬ್ಯಾಟರಿಯ ತಂತಿ ಬಿಡಿಸಿದುದು, ಗೇರ್‌ಬಾಕ್ಸಿನ ಎಣ್ಣೆ ಬಸಿದುದು, ಪ್ರೊಪೆಲರ್ ಶಾಫ್ಟು, ಸ್ಪೀಡೋಮೀಟರಿನ ಕೇಬಲು, ಸ್ಟೀರಿಂಗಿನ ಕೊಳವೆಯಿಂದ ಇಳಿದುಬರುವ ಗೇರಿನ ಸರಳುಗಳು, ಸ್ಟಾರ್ಟರು, ಇವನ್ನೆಲ್ಲ ಒಂದೊಂದಾಗಿ ಕಳಚಿದುದು ಸುಲಭವಾಗಿಯೇ ನಡೆಯಿತು. ಬಿಚ್ಚಿದ ಬೋಲ್ಟುಗಳನ್ನು ಮೊಮ್ಮಗಳು ಇಡ್ಲಿಯ ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಇಡುತ್ತಾ ಹೋದಳು. ಆ ತಟ್ಟೆ ಮತ್ತೆ ಅಡುಗೆಯ ಮನೆಗೆ ಮರಳಲಿಲ್ಲ.

ತೊಡಕು ಬಂದುದು ಗೇರ್‌ಬಾಕ್ಸಿನ ಮೇಲ್ಭಾಗದ ಒಂದು ಬೋಲ್ಟಿನಲ್ಲಿ. ಅದು ಕಣ್ಣಿಗೆ ಕಾಣದು. ಮಗನ ಕೈ ಅಲ್ಲಿಗೆ ತೂರದು. "ನಾನೂ ಕಂಡು ಬಿಚ್ಚಿದ್ದಲ್ಲ, ಮುಟ್ಟಿ ಬಿಚ್ಚಿದ್ದು" ಎಂದು ಹೇಳಿ ಹಿರಿಯರು ಕಣ್ಣು ಮುಚ್ಚಿ, ಗಾಳಿಯಲ್ಲಿಯೇ ಕೈಯಾಡಿಸಿ ತೋರಿಸಿದರು. ಮೊಮ್ಮಗಳು ಟಾರ್ಚನ್ನು ತಂದೆಗೆ ಕೊಟ್ಟು, ಬಳೆ ತೆಗೆದಿಟ್ಟು ಒಳಗೆ ನುಸುಳಿದಳು. ಕಾಲೇಜಿನಲ್ಲಿ ಕಂಪ್ಯೂಟರು ಓದುವ ಹುಡುಗಿ. ಅರ್ಧ ಗಂಟೆಯ ಮೇಲೆ ಬೋಲ್ಟು ಕೈಗೆ ಬಂದಿತು. ಅಂದಿನಿಂದ ಟಾರ್ಚು ಹಿಡಿಯುವವರು ಬದಲಾದರು.

ಗೇರ್‌ಬಾಕ್ಸು ಹೆಚ್ಚುಕಡಿಮೆ ಒಂದು ಅಕ್ಕಿಯ ಚೀಲದ ತೂಕ. ಆದರೆ ಚೀಲಕ್ಕೆ ಹಿಡಿಯಲು ಕಿವಿಯುಂಟು. ಇದು ಎಣ್ಣೆ ಮೆತ್ತಿದ ನುಣುಪು ಕಲ್ಲಿನಂತೆ. ಟ್ರಾಲಿ ಜಾಕಿಯ ಮೇಲೆ ಕುಳ್ಳಿರಿಸಿ ಹಿಂದಕ್ಕೆ ಸರಿಸಿದಾಗ ಕ್ಲಚ್ಚು ಕಂಡಿತು. ಅದರ ಮೇಲಿನ ಬೂದುಬಣ್ಣದ ಧೂಳನ್ನು ಬಾಯಿಂದ ಊದಿಬಿಡುವುದು ಹಿಂದಿನವರ ವಾಡಿಕೆ. ಹಳೆಯ ಉಜ್ಜುಪಟ್ಟಿಗಳಲ್ಲಿ ಆಸ್ಬೆಸ್ಟಾಸು ಬೆರೆತಿರುತ್ತಿತ್ತು. ಆ ಧೂಳು ಶ್ವಾಸಕೋಶವನ್ನು ಹೊಕ್ಕರೆ ದಶಕಗಳ ಅನಂತರವೂ ಪ್ರಾಣಕ್ಕೆ ಸಂಚಕಾರ ತರಬಲ್ಲುದೆಂಬುದು ಈಗ ತಿಳಿದ ವಿಷಯ. ಮೂಗಿಗೆ ಮಾಸ್ಕು ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಹಿರಿಯರು ಮಾತ್ರ, "ಮೂವತ್ತೆಂಟು ವರ್ಷ ಏನೇನು ಊದಿದೆವೋ" ಎಂದು ಒಂದು ಸಲ ಹೇಳಿ ಸುಮ್ಮನಾದರು.

ಬಿಡಿಭಾಗಗಳಿಗಾಗಿ ಮಗ ಎರಡು ಸಲ ಜೆ.ಸಿ. ರಸ್ತೆಗೆ ಹೋಗಿಬಂದರು. ಪದ್ಮಿನಿಯ ಕಾಲದಲ್ಲಿ ಕೇಳಿದ ಕೈಗೆ ಸಿಕ್ಕುತ್ತಿದ್ದ ಸಾಮಾನು ಈಗ ಹುಡುಕಿದರೆ ಮಾತ್ರ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಹಿಂದೆ ಸರಿಯಿತು. ಸಾವಿರಾರು ಟ್ಯಾಕ್ಸಿಗಳು ಓಡುವಾಗ ಅಂಗಡಿಗಳಲ್ಲಿ ತುಂಬಿರುತ್ತಿದ್ದುದು ಒಂದು ಮನೆಯ ಕಾರಿಗಾಗಿ ತುಂಬಿರುವುದೇ? ರಿಲೀಸ್ ಬೇರಿಂಗು ಹೊಸದು ದೊರೆಯಿತು. ಪ್ಲೇಟು ಹಳೆಯದಕ್ಕೇ ಹೊಸ ಉಜ್ಜುಪಟ್ಟಿ ಹೊಡೆಸಿದುದು. ಫ್ಲೈವೀಲಿನ ಮುಖವನ್ನು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಲೇತಿನವನೊಬ್ಬ ನವಿರಾಗಿ ಸವರಿಕೊಟ್ಟನು. ಹಿರಿಯರ ಹೆಸರು ಕೇಳಿ ಅವನು ಹಣ ಮುಟ್ಟಲಿಲ್ಲವೆಂಬುದನ್ನು ಮಗ ಮನೆಯಲ್ಲಿ ಹೇಳಿದರು. ಹಿರಿಯರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ಇಷ್ಟಾಗುವಷ್ಟರಲ್ಲಿ ಅಮಾವಾಸ್ಯೆ ಕಳೆದು ನವರಾತ್ರಿ ಹಿಡಿದಿತ್ತು. ಒಳಗೆ ಗೊಂಬೆಗಳ ಸಾಲು, ಹೊರಗೆ ಬೋಲ್ಟುಗಳ ಸಾಲು. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಗೇರ್‌ಬಾಕ್ಸನ್ನು ದಾಟಿಕೊಂಡೇ ಒಳಗೆ ಹೋಗಬೇಕಾಗಿತ್ತು.

ಕ್ಲಚ್ಚನ್ನು ಮರಳಿ ಕೂಡಿಸುವುದರಲ್ಲಿ ಒಂದು ಗುಟ್ಟುಂಟು. ಪ್ಲೇಟು ಫ್ಲೈವೀಲಿನ ಸರಿಯಾದ ನಡುವಿಗೆ ಕೂಡಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಬಿಗಿದ ಮೇಲೆ ಅದು ಕದಲದು. ಕೂದಲೆಳೆಯಷ್ಟು ಓರೆಯಾಗಿದ್ದರೂ ಗೇರ್‌ಬಾಕ್ಸಿನ ಶಾಫ್ಟು ಒಳಗೆ ಹೋಗದು. ಅದಕ್ಕಾಗಿ ಶಾಫ್ಟಿನದೇ ಅಳತೆಯ ಒಂದು ಕೋಲನ್ನು ತೂರಿಸಿ, ಪ್ಲೇಟನ್ನು ನಡುವಿಗೆ ತಂದು, ಅನಂತರ ಬೋಲ್ಟುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿಯಬೇಕು. ಮಗ ಪೊರಕೆಯ ಹಿಡಿಗೆ ಟೇಪು ಸುತ್ತಿ ಕೋಲು ಮಾಡಿದರು. ಹಿರಿಯರು ಮುಟ್ಟಿ ನೋಡಿದರು, ಸರಿಯೆಂದರು. ಹಿಂದೆಯಾಗಿದ್ದರೆ ಅವರು ಹಾಗೆ ಸರಿಯೆನ್ನುತ್ತಿರಲಿಲ್ಲ.

ಪಂಚಮಿಯ ರಾತ್ರಿ ಗೇರ್‌ಬಾಕ್ಸನ್ನು ಜಾಕಿಯ ಮೇಲೆ ಎತ್ತಿ ಮುಂದಕ್ಕೆ ಸರಿಸಿದರು. ಸಲೀಸಾಗಿ ಹೋಗಿ, ಇನ್ನು ಅರ್ಧ ಅಂಗುಲವಿರುವಾಗ ನಿಂತಿತು. ಅಲುಗಾಡಿಸಿದರೂ ನಿಂತಿತು, ಬೈದರೂ ನಿಂತಿತು. ರಾತ್ರಿ ಹನ್ನೊಂದಾಯಿತು. ಮಗನ ಭುಜ ಸೋತಿತ್ತು.

"ಬೋಲ್ಟು ಉದ್ದ ಇವೆ. ಹಾಕಿ ತಿರುಗಿಸಿದರೆ ತಾನಾಗಿ ಎಳೆದುಕೊಳ್ಳುತ್ತೆ ಅಪ್ಪ" ಎಂದು ಕಾರಿನ ಕೆಳಗಿನಿಂದ ಹೇಳುತ್ತ ಸ್ಪ್ಯಾನರಿಗೆ ಕೈಹಾಕಿದರು.

ಹಿರಿಯರ ಊರುಗೋಲು ನೆಲಕ್ಕೆ ಬಡಿಯಿತು. "ಮುಟ್ಟಬೇಡ! ಬೋಲ್ಟು ಇರುವುದು ಹಿಡಿಯುವುದಕ್ಕೆ, ಎಳೆಯುವುದಕ್ಕಲ್ಲ. ಎಳೆದರೆ ಪೆಟ್ಟಿಗೆಯ ಕಿವಿ ಸೀಳುತ್ತೆ. ಆಮೇಲೆ ಇನ್ನೊಂದು ಎಲ್ಲಿಂದ ತರ್ತೀಯೆ?"

"ಹಾಗಾದರೆ ನೀವೇ ಬಂದು ಮಾಡಿ" ಎಂದುಬಿಟ್ಟರು ಮಗ. ನಲವತ್ತು ವರ್ಷದ ಕೆಳಗೆ ಸ್ಪ್ಯಾನರು ಕೊಟ್ಟು ಓದಲು ಹೋದ ಹುಡುಗನ ಧ್ವನಿ ಅದು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹಿರಿಯರು ಕುರ್ಚಿಯಿಂದ ಎದ್ದು, ಸೊಸೆ ಬೇಡವೆನ್ನುತ್ತಿದ್ದರೂ ಚಾಪೆಯ ಮೇಲೆ ಮೊಣಕಾಲೂರಿ, ಕೈ ಚಾಚಿ ಗೇರ್‌ಬಾಕ್ಸಿನ ಮೈಮೇಲೆ ಅಂಗೈಯಿಟ್ಟರು. ನಡುಗುವ ಕೈ ಭಾರದ ಲೋಹಕ್ಕೆ ತಗುಲಿ ನಿಂತಿತು. "ಪ್ಲೇಟು ಕೆಳಕ್ಕೆ ಕೂತಿದೆ. ಪೊರಕೆಕೋಲು ಸಾಲಲಿಲ್ಲ" ಎಂದರು. ಅಲ್ಲಿಂದ ಅದನ್ನು ಇಳಿಸಿ ಎಲ್ಲರೂ ಮಲಗಿದರು.

ಮರುದಿನ ಮಗ ರಜೆ ಹಾಕಿದರು. ಹಳೆಯ, ಮುಕ್ಕಾದ ಗೇರ್‌ಬಾಕ್ಸನ್ನೇ ಜಗುಲಿಯ ಮೇಲೆ ಬಿಚ್ಚಿ, ಎಂಜಿನಿನ ಕಡೆಗೆ ಚಾಚಿದ ಅದರ ಶಾಫ್ಟನ್ನು ಹೊರಗೆ ತೆಗೆಯಬೇಕೆಂದು ಹಿರಿಯರ ತೀರ್ಮಾನ. ಅದಕ್ಕಿಂತ ಸರಿಯಾದ ಅಳತೆಯ ಕೋಲು ಲೋಕದಲ್ಲಿಲ್ಲ. ಮಧ್ಯಾಹ್ನದವರೆಗೆ ಇಬ್ಬರೂ ಎದುರುಬದುರು ಕುಳಿತು ಆ ಪೆಟ್ಟಿಗೆಯನ್ನು ಬಿಡಿಸಿದರು. ಯಾವ ಉಂಗುರ ಯಾವ ಗೇರಿನದು, ಯಾವ ಹಲ್ಲು ಹೇಗೆ ಸವೆದಿದೆ, ಸವೆದುದಕ್ಕೆ ಯಾರ ಚಾಲನೆ ಕಾರಣ, ಎಂದು ಹಿರಿಯರು ಒಂದೊಂದನ್ನೂ ಎತ್ತಿ ತೋರಿಸಿದರು. ಚಾಲನೆಯ ವಿಷಯದಲ್ಲಿ ಅವರು ಯಾರನ್ನೂ ಬಿಡಲಿಲ್ಲ, ಗತಿಸಿದ ಪತ್ನಿಯನ್ನೂ. ಆಕೆ ಕಾರು ಓಡಿಸುತ್ತಿದ್ದರೆಂಬುದೇ ಮೊಮ್ಮಗಳಿಗೆ ಅಂದು ತಿಳಿದ ಸಂಗತಿ. ಕೆಲಸ ಅಲ್ಲಿಗೆ ಅರ್ಧ ಗಂಟೆ ನಿಂತಿತು. ಅಜ್ಜಿ ಎಲ್ಲೆಲ್ಲಿಗೆ ಓಡಿಸಿಕೊಂಡು ಹೋಗಿದ್ದರೆಂಬ ವಿಚಾರಣೆ ನಡೆಯಿತು.

ಸಂಜೆ ಪ್ರೆಷರ್ ಪ್ಲೇಟನ್ನು ಸಡಿಲಿಸಿ, ಶಾಫ್ಟು ತೂರಿಸಿ, ಪ್ಲೇಟನ್ನು ನಡುವಿಗೆ ತಂದು ಬಿಗಿದರು. ಶಾಫ್ಟು ಬೆಣ್ಣೆಯಲ್ಲಿ ಆಡಿದಂತೆ ಒಳಗೆ ಹೊರಗೆ ಆಡಿತು. ಮತ್ತೆ ಗೇರ್‌ಬಾಕ್ಸು ಏರಿತು. ಮತ್ತೆ ಅರ್ಧ ಅಂಗುಲದಲ್ಲಿ ನಿಂತಿತು. ಆದರೆ ಈ ನಿಲುವು ಬೇರೆ. ಶಾಫ್ಟಿನ ಹಲ್ಲಿಗೂ ಪ್ಲೇಟಿನ ಗೂಡಿಗೂ ಹೊಂದಿಕೆಯಾಗಿರಲಿಲ್ಲ, ಅಷ್ಟೆ. ಮೊಮ್ಮಗಳು ಪೆಟ್ಟಿಗೆಯನ್ನು ಗೇರಿಗೆ ಹಾಕಿ, ಅದರ ಹಿಂಭಾಗದ ಫ್ಲಾಂಜನ್ನು ಎರಡು ಬೆರಳಿನಿಂದ ಮೆಲ್ಲನೆ ತಿರುಗಿಸತೊಡಗಿದಳು. ಮಗ ಜಾಕಿಯನ್ನು ಕೂದಲೆಳೆಯಷ್ಟು ಏರಿಸುವುದು, ಇಳಿಸುವುದು. ಹಿರಿಯರ ಅಂಗೈ ಪೆಟ್ಟಿಗೆಯ ಮೇಲೆ.

"ಇನ್ನೂ ಸ್ವಲ್ಪ... ಹಿಂದಕ್ಕೆ... ಈಗ ತಳ್ಳು."

ಟಪ್ಪೆಂದು ಸದ್ದಾಯಿತು. ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವಿದ್ದ ಸಂದು ಮುಚ್ಚಿಹೋಗಿತ್ತು. ಬೋಲ್ಟುಗಳು ಬೆರಳಿನಿಂದಲೇ ಒಳಗೆ ಇಳಿದುವು.

ಉಳಿದುದನ್ನು ವಿವರಿಸಬೇಕಾದುದಿಲ್ಲ, ಕಳಚಿದುದನ್ನೆಲ್ಲ ತಿರುವುಮುರುವಾಗಿ ಕೂಡಿಸಿದರಾಯಿತು. ತೊಂಬತ್ತರ ಆಯಿಲು ತುಂಬಿ, ಚಕ್ರಗಳು ಇನ್ನೂ ಗಾಳಿಯಲ್ಲಿರುವಾಗಲೇ ಎಂಜಿನು ಹೊತ್ತಿಸಿ ನಾಲ್ಕು ಗೇರುಗಳನ್ನೂ ಹಾಕಿ ನೋಡಿದರು. ಎರಡನೆಯದರಲ್ಲಿ ಕಡಲೆ ಹುರಿಯುವ ಸದ್ದು ಇರಲಿಲ್ಲ. ಮಹಾನವಮಿಯ ದಿನ ನಿಂಬೆಹಣ್ಣುಗಳು ಕಾರಿನ ಸ್ವಂತ ಬಲದಿಂದಲೇ ಅರೆದುಹೋದುವು. ಪಕ್ಕದ ಮನೆಯ ಹುಡುಗರಿಗೆ ತಳ್ಳುವ ಕೂಲಿಯಾಗಿ ಪ್ರತಿವರ್ಷ ಸಲ್ಲುತ್ತಿದ್ದ ಪುರಿ ಕಡಲೆ ಈ ವರ್ಷವೂ ತಪ್ಪಲಿಲ್ಲ.

ಆದರೆ ಹಿರಿಯರಿಗೆ ಅದು ಪರೀಕ್ಷೆಯೇ ಅಲ್ಲ. ಸಮನೆಲದಲ್ಲಿ ಯಾವ ಕ್ಲಚ್ಚೂ ಒಳ್ಳೆಯದೇ. ವಿಜಯದಶಮಿಯ ಬೆಳಗ್ಗೆ, ರಜೆಯ ದಿನವಾದುದರಿಂದ ರಸ್ತೆ ಬರಿದಾಗಿದ್ದ ಹೊತ್ತಿನಲ್ಲಿ, ಮಗನ ಪಕ್ಕದಲ್ಲಿ ಕುಳಿತು ಹೊರಟರು. ಹಿಂದಿನ ಸೀಟಿನಲ್ಲಿ ಸೊಸೆ ಮತ್ತು ಮೊಮ್ಮಗಳು. ಎರಡು ಬೀದಿ ದಾಟಿ ಒಂದು ಕಡಿದಾದ ಏರು ಬಂದಿತು. ಅರ್ಧ ಏರಿದಾಗ ಹಿರಿಯರು, "ಇಲ್ಲಿ ನಿಲ್ಲಿಸು" ಎಂದರು.

"ಇಲ್ಲೇ?"

"ಇಲ್ಲೇ."

ಕಾರು ಏರಿನ ನಡುವೆ ನಿಂತಿತು. ಹಿಂದೆ ಬಂದ ಆಟೋದವನು ಹಾರನ್ನು ಒತ್ತಿದನು. ಮಗ ಮೊದಲ ಗೇರಿಗೆ ಹಾಕಿದರು. ಎಡಗಾಲನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಬಿಟ್ಟರು. ಎಂಜಿನಿನ ಸದ್ದು ಒಂದಿಷ್ಟು ತಗ್ಗಿ, ಬಾನೆಟ್ಟಿನ ಮೂಗು ಒಂದಿಷ್ಟು ಎದ್ದಿತು. ಹ್ಯಾಂಡ್‌ಬ್ರೇಕನ್ನು ಬಿಟ್ಟರು. ಕಾರು ಗೇಣಿನಷ್ಟೂ ಹಿಂದೆ ಸರಿಯದೆ ಏರನ್ನು ಹತ್ತಿತು. ಆಟೋದವನು ಪಕ್ಕದಿಂದ ದಾಟುವಾಗ ಬೈಯಲು ತಲೆ ಹೊರಗೆ ಹಾಕಿದವನು ಕಾರನ್ನು ನೋಡಿ, "ಯಾವ ವರ್ಷದ್ದು ಸಾರ್?" ಎಂದು ಕೇಳಿ ಹೋದನು.

ಏರಿನ ತುದಿ ಮುಟ್ಟುವವರೆಗೆ ಹಿರಿಯರು ಮಾತನಾಡಲಿಲ್ಲ. ಅವರ ಎಡಗಾಲು ಮಾತ್ರ, ತಮ್ಮ ಕಡೆ ಪೆಡಲಿಲ್ಲದಿದ್ದರೂ, ನೆಲದ ಮ್ಯಾಟಿನ ಮೇಲೆ ಮೆಲ್ಲನೆ ಮೇಲೆದ್ದು ನಿಂತಿತ್ತು.

"ಪೆಡಲಿಗೆ ಇನ್ನು ಕಾಲಂಗುಲ ಸಡಿಲ ಕೊಡಬೇಕು ಕಣೋ. ಮನೆಗೆ ಹೋಗಿ ಮಾಡು. ನಾನು ಬರುವುದಿಲ್ಲ, ಹದಿನಾಲ್ಕರ ಸ್ಪ್ಯಾನರ್ ಎಲ್ಲಿದೆ ಅಂತ ನಿನಗೇ ಗೊತ್ತಲ್ಲ."